ಮೊದಲು ಕೇಳಿದ್ದು ಲಕೋಟೆಯನ್ನು: ಧಾರವಾಡದ ಒಂದು ವಕೀಲರ ಕಚೇರಿಯ ಸೇವೆಯ ಕುರಿತು

ಧಾರವಾಡದ ಆ ಕಚೇರಿಗೆ ನಾನು ಮೊದಲ ಸಲ ಹೋದ ದಿನ, ನಮ್ಮ ಖಾರದ ಪುಡಿಯ ಬಗ್ಗೆ ಬಂದಿದ್ದ ಪ್ರಯೋಗಾಲಯದ ವರದಿಯನ್ನು ವಕೀಲರ ಮುಂದೆ ಇಟ್ಟಾಗ, ಅವರು ಅದನ್ನು ಬಿಡಿಸಿ ನೋಡದೆ, ಅದು ಬಂದ ಲಕೋಟೆ ಎಲ್ಲಿದೆ ಎಂದು ಕೇಳಿದರು. ನಾನು ಲಕೋಟೆ ತಂದಿರಲಿಲ್ಲ. ಅದು ಮನೆಯಲ್ಲಿ ಉಳಿದಿದೆಯೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. "ನೋಡ್ರಿ, ವರದಿ ಎಲ್ಲೂ ಹೋಗೂದಿಲ್ಲ, ಇನ್ನೊಂದು ನಕಲು ತಗೋಬಹುದು. ಅದು ನಿಮ್ಮ ಕೈಗೆ ಯಾವತ್ತು ಮುಟ್ಟಿತು ಅನ್ನೂದು ಆ ಕವರಿನ ಮ್ಯಾಲೆ ಅದ" ಎಂದರು. ಮನೆಗೆ ಫೋನ್ ಮಾಡಿದೆ. ನನ್ನ ತಮ್ಮ ಅದರೊಳಗೆ ಕರೆಂಟ್ ಬಿಲ್ಲುಗಳನ್ನು ತುಂಬಿ ಗೋಡೆಯ ಮೊಳೆಗೆ ಸಿಕ್ಕಿಸಿದ್ದ. ಅಂಚೆಯ ಮುದ್ರೆ ಪುಣ್ಯಕ್ಕೆ ಓದುವಂತಿತ್ತು, ಮತ್ತು ಆ ಮುದ್ರೆಯ ಪ್ರಕಾರ ಮೇಲ್ಮನವಿಗೆ ನನಗಿದ್ದ 30 ದಿನಗಳಲ್ಲಿ 19 ಆಗಲೇ ಕಳೆದುಹೋಗಿದ್ದವು.

ನಾವು ಹುಬ್ಬಳ್ಳಿಯ ಹೊರವಲಯದಲ್ಲಿ ಖಾರದ ಪುಡಿ ಮತ್ತು ಮಸಾಲೆ ಪುಡಿಯ ಒಂದು ಸಣ್ಣ ಘಟಕವನ್ನು ನಡೆಸುತ್ತೇವೆ. ಬ್ಯಾಡಗಿ ಮಾರುಕಟ್ಟೆಯಿಂದ ಕಡ್ಡಿ ಮತ್ತು ಡಬ್ಬಿ ಮೆಣಸಿನಕಾಯಿ ತಂದು, ತೊಟ್ಟು ಬಿಡಿಸಿ, ಒಣಗಿಸಿ, ಕುಟ್ಟಿ, ಪಾಕೀಟು ಮಾಡಿ ಸುತ್ತಲಿನ ನಾಲ್ಕೈದು ಜಿಲ್ಲೆಗಳ ಕಿರಾಣಿ ಅಂಗಡಿಗಳಿಗೆ ಕೊಡುತ್ತೇವೆ. ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಸರ್ಕಾರದ ಇಲಾಖೆಯೊಂದಿಗೆ ವ್ಯಾಜ್ಯಕ್ಕೆ ಬಿದ್ದಾಗ ವಕೀಲರ ಸೇವೆಯನ್ನು ಅಳೆಯುವುದು ಹೇಗೆ ಎಂಬುದು ನಮ್ಮಂಥವರಿಗೆ ತಿಳಿಯದ ಸಂಗತಿಯಾದ್ದರಿಂದ, ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಪಡೆದ ಸೇವೆಯನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ವಕೀಲರ ಹೆಸರನ್ನು ಬರೆಯುತ್ತಿಲ್ಲ. ವಕೀಲರು ತಮ್ಮ ವೃತ್ತಿಗೆ ನೇರವಾಗಿಯಾಗಲಿ ಬೇರೆಯವರ ಮೂಲಕವಾಗಲಿ ಪ್ರಚಾರ ಪಡೆಯಬಾರದೆಂದು ಭಾರತೀಯ ವಕೀಲರ ಪರಿಷತ್ತಿನ ನಿಯಮವಿದೆ. ನನ್ನ ಮೆಚ್ಚುಗೆಯಿಂದ ಅವರಿಗೆ ತೊಂದರೆಯಾಗುವುದು ಬೇಡ. ಇನ್ನು ದೂರುಗಳೂ ಇವೆ, ಅವುಗಳ ಮಟ್ಟಿಗೂ ಹೆಸರಿಲ್ಲದಿರುವುದೇ ಲೇಸು. ಇನ್ನೊಂದು ವಿಷಯವನ್ನೂ ಓದುಗರು ತಿಳಿದಿರಬೇಕು: ವಕೀಲರ ಸೇವೆಯಲ್ಲಿ ಕೊರತೆಯಾಯಿತೆಂದು ಗ್ರಾಹಕರ ಆಯೋಗಕ್ಕೆ ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿದೆ. ಫ್ರಿಜ್ಜು ಕೆಟ್ಟರೆ ಇರುವ ದಾರಿ ಇಲ್ಲಿ ಇಲ್ಲ. ಹಾಗಾಗಿ ಆರಿಸಿಕೊಳ್ಳುವಾಗಲೇ ಕಣ್ಣು ತೆರೆದಿರಬೇಕು.

ವ್ಯಾಜ್ಯ ಹುಟ್ಟಿದ್ದು ಹೀಗೆ. ನೆರೆಯ ಜಿಲ್ಲೆಯೊಂದರ ಕಿರಾಣಿ ಅಂಗಡಿಯಲ್ಲಿ ಆಹಾರ ಸುರಕ್ಷತಾ ಅಧಿಕಾರಿಯೊಬ್ಬರು ನಮ್ಮ ಖಾರದ ಪುಡಿಯ ಪಾಕೀಟುಗಳನ್ನು ಮಾದರಿಯಾಗಿ ತೆಗೆದುಕೊಂಡರು. ಆಹಾರ ವಿಶ್ಲೇಷಕರ ವರದಿಯಲ್ಲಿ ಎರಡು ದೋಷಗಳನ್ನು ಹೇಳಲಾಗಿತ್ತು. ಒಂದು, ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗದ ಬೂದಿಯ ಪ್ರಮಾಣ ಶೇ 1.3ನ್ನು ಮೀರಬಾರದಾಗಿದ್ದು, ನಮ್ಮ ಪುಡಿಯಲ್ಲಿ ಅದು ಶೇ 1.7 ಇದೆ; ಆದ್ದರಿಂದ ಮಾಲು ಕಳಪೆ ಗುಣಮಟ್ಟದ್ದು. ಎರಡು, ಪುಡಿಯಲ್ಲಿ ಖಾದ್ಯ ಎಣ್ಣೆ ಇದ್ದು, ಅದನ್ನು ಲೇಬಲ್ಲಿನಲ್ಲಿ ಘೋಷಿಸಿಲ್ಲ. ಆದ್ದರಿಂದ ಮಾಲು ಮಿಸ್‌ಬ್ರಾಂಡೆಡ್, ಅಂದರೆ ಲೇಬಲ್ ಸರಿಯಿಲ್ಲದ್ದು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 51ನೇ ಕಲಮಿನ ಪ್ರಕಾರ ಮೊದಲನೆಯದಕ್ಕೆ 5 ಲಕ್ಷ ರೂಪಾಯಿವರೆಗೆ, 52ನೇ ಕಲಮಿನ ಪ್ರಕಾರ ಎರಡನೆಯದಕ್ಕೆ 3 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಆ ಎರಡು ಅಂಕಿಗಳನ್ನು ಕೂಡಿದರೆ ನಮ್ಮ ಘಟಕದ ಎಲ್ಲ ಯಂತ್ರಗಳ ಬೆಲೆಗಿಂತ ಹೆಚ್ಚಾಗುತ್ತಿತ್ತು.

ಈ ಆಮ್ಲದಲ್ಲಿ ಕರಗದ ಬೂದಿ ಎಂದರೇನು ಎಂಬುದು ಇಷ್ಟು ವರ್ಷ ಖಾರ ಕುಟ್ಟಿದ ನನಗೇ ತಿಳಿದಿರಲಿಲ್ಲ. ಪುಡಿಯನ್ನು ಸುಟ್ಟು ಬೂದಿ ಮಾಡಿ, ಆ ಬೂದಿಯನ್ನು ಆಮ್ಲದಲ್ಲಿ ಕುದಿಸಿದರೆ ಗಿಡದ ಖನಿಜಗಳು ಕರಗುತ್ತವೆ, ಮಣ್ಣು ಮತ್ತು ಮರಳು ಉಳಿಯುತ್ತವೆ. ಅಂದರೆ ಅದು ಹೆಚ್ಚಿದೆ ಎಂದರೆ ಪುಡಿಯಲ್ಲಿ ಮಣ್ಣಿದೆ ಎಂದರ್ಥ. ಹೊಲದ ಕಣದಲ್ಲಿ, ನೆಲದ ಮೇಲೆ ಹರವಿ ಒಣಗಿಸಿದ ಮೆಣಸಿನಕಾಯಿಯ ಸುಕ್ಕುಗಳಲ್ಲಿ ಮಣ್ಣು ಸಿಕ್ಕಿಕೊಳ್ಳುವುದು ಸಹಜ; ಬ್ಯಾಡಗಿ ಕಾಯಿಗೆ ಸುಕ್ಕು ಜಾಸ್ತಿ. ಅದಕ್ಕೆಂದೇ ನಾವು ಕುಟ್ಟುವ ಮೊದಲು ಎರಡು ಸಲ ಜರಡಿ ಹಿಡಿಯುತ್ತೇವೆ. ಎಣ್ಣೆಯ ಮಾತು ಬೇರೆ. ಕುಟ್ಟುವಾಗ ಘಾಟು ಏಳಬಾರದೆಂದೂ ಬಣ್ಣ ಹೊಳೆಯಲೆಂದೂ ನಾವು ಸ್ವಲ್ಪ ಶೇಂಗಾ ಎಣ್ಣೆ ಚಿಮುಕಿಸುತ್ತೇವೆ, ನಮ್ಮ ಅವ್ವನ ಕಾಲದಿಂದಲೂ ಹಾಗೇ ಮಾಡಿಕೊಂಡು ಬಂದಿದ್ದೇವೆ. ಅದು ತಪ್ಪೇನೂ ಅಲ್ಲ: ತೂಕದ ಶೇ 2ರವರೆಗೆ ಖಾದ್ಯ ಎಣ್ಣೆ ಬೆರೆಸಲು ನಿಯಮವೇ ಅವಕಾಶ ಕೊಟ್ಟಿದೆ. ಆದರೆ ಯಾವ ಎಣ್ಣೆ, ಎಷ್ಟು ಎಂಬುದನ್ನು ಲೇಬಲ್ಲಿನಲ್ಲಿ ಬರೆದಿರಬೇಕು. ನಾವು ಬರೆದಿರಲಿಲ್ಲ.

ವರದಿ ಬಂದ ಮೊದಲ ದಿನಗಳಲ್ಲಿ ನಾನು ವಕೀಲರನ್ನು ಹುಡುಕಲೇ ಇಲ್ಲ. ನಮಗೆ ಲೈಸೆನ್ಸ್ ಮಾಡಿಸಿಕೊಟ್ಟಿದ್ದ ಏಜೆಂಟರೊಬ್ಬರು, ತಾವೇ ಸಂಬಂಧಪಟ್ಟವರೊಂದಿಗೆ ಮಾತನಾಡಿ ಬಗೆಹರಿಸುವುದಾಗಿ ಹೇಳಿ 8,000 ರೂಪಾಯಿ ಪಡೆದರು ಮತ್ತು ವಾರಕ್ಕೊಮ್ಮೆ "ಕೆಲಸ ನಡದದ್ರಿ" ಎಂದು ಹೇಳುತ್ತಾ 19 ದಿನ ಕಳೆದರು. ಬೀಗರೊಬ್ಬರು ಸಿವಿಲ್ ಕೋರ್ಟಿನಲ್ಲಿ ದಾವಾ ಹೂಡಿ ತಡೆಯಾಜ್ಞೆ ತರುವಂತೆ ಸಲಹೆ ಕೊಟ್ಟರು. ಇದೇ ಕಾಯ್ದೆಯ 72ನೇ ಕಲಮು ಸಿವಿಲ್ ಕೋರ್ಟಿಗೆ ಇಂಥ ವಿಷಯಗಳಲ್ಲಿ ಅಧಿಕಾರವೇ ಇಲ್ಲವೆಂದು ಹೇಳುತ್ತದೆ ಎಂಬುದು ಅವರಿಗೂ ನನಗೂ ಗೊತ್ತಿರಲಿಲ್ಲ. ಹುಬ್ಬಳ್ಳಿಯ ಇನ್ನೊಬ್ಬ ವಕೀಲರು ನೇರವಾಗಿ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕೋಣವೆಂದೂ ಅದಕ್ಕೆ ಒಂದು ಲಕ್ಷ ರೂಪಾಯಿ ಆಗುವುದೆಂದೂ ಹೇಳಿದರು.

ಹೈಕೋರ್ಟಿನ ಮಾತು ನಮ್ಮ ಭಾಗದಲ್ಲಿ ಈಗ ಸುಲಭವಾಗಿ ಬಾಯಿಗೆ ಬರುತ್ತದೆ. 2008ರ ಜುಲೈನಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ (2013ರ ಆಗಸ್ಟಿನಲ್ಲಿ ಅದು ಕಾಯಂ ಪೀಠವಾಯಿತು) ಬರುವವರೆಗೆ, ಇಲಾಖೆಯ ಆದೇಶವೊಂದನ್ನು ಪ್ರಶ್ನಿಸಲು ಗದಗಿನವರೂ ಹಾವೇರಿಯವರೂ ರಾತ್ರಿ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿತ್ತು. ಈಗ ಧಾರವಾಡದ ಹತ್ತಿರದ ಬೇಲೂರಿನಲ್ಲಿರುವ ಹೈಕೋರ್ಟು ಪೀಠದ ಕಟ್ಟಡ ಹೆದ್ದಾರಿಯ ಪಕ್ಕದಲ್ಲೇ ಇದೆ, ಮತ್ತು ಸರ್ಕಾರದ ವಿರುದ್ಧದ ವ್ಯಾಜ್ಯಗಳನ್ನೇ ಹೆಚ್ಚಾಗಿ ನಡೆಸುವ ಕಚೇರಿಗಳು ಧಾರವಾಡದಲ್ಲಿ ಬೇಕಾದಷ್ಟಿವೆ. ಹತ್ತಿರ ಇದೆಯೆಂದು ಎಲ್ಲದಕ್ಕೂ ಅಲ್ಲಿಗೇ ಓಡುವ ಚಾಳಿ ಒಳ್ಳೆಯದೇ ಎಂಬುದು ಬೇರೆ ಪ್ರಶ್ನೆ. ಕಾಯ್ದೆಯಲ್ಲೇ ಮೇಲ್ಮನವಿಯ ದಾರಿ ಇರುವಾಗ ಅದನ್ನು ಬಿಟ್ಟು ಬಂದದ್ದೇಕೆ ಎಂದು ಹೈಕೋರ್ಟು ಮೊದಲು ಕೇಳುತ್ತದೆ ಎಂಬುದನ್ನು ನನಗೆ ಹೇಳಿದವರು ನಾನು ಈಗ ಬರೆಯುತ್ತಿರುವ ವಕೀಲರು, ಅದೂ ಆ ರಿಟ್‌ಗೆ ತಾವೇ ಶುಲ್ಕ ಪಡೆಯಬಹುದಾಗಿದ್ದ ಸಂದರ್ಭದಲ್ಲಿ. ಅವರ ಬಗ್ಗೆ ನನಗೆ ನಂಬಿಕೆ ಹುಟ್ಟಿದ್ದು ಅಲ್ಲಿಂದ.

ಅವರ ಕಚೇರಿ ಧಾರವಾಡದ ಹಳೆಯ ಬಡಾವಣೆಯೊಂದರಲ್ಲಿ ಎರಡನೇ ಮಹಡಿಯಲ್ಲಿದೆ; ಲಿಫ್ಟ್ ಇಲ್ಲ. ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ಹೋಗಿ ಇಳಿದು ಹತ್ತು ನಿಮಿಷ ನಡೆದರೆ ಸಿಗುತ್ತದೆ. ಹಿರಿಯ ವಕೀಲರೊಬ್ಬರು, ಅವರ ಕೈಕೆಳಗೆ ಒಬ್ಬ ಕಿರಿಯ ವಕೀಲೆ, ಒಬ್ಬ ಗುಮಾಸ್ತ, ಇಷ್ಟೇ ಜನ. ಮೊದಲ ಭೇಟಿಗೆ 1,000 ರೂಪಾಯಿ. ಆ ಮೊದಲ ಭೇಟಿ ಒಂದೂವರೆ ಗಂಟೆ ನಡೆಯಿತು, ಮತ್ತು ನನ್ನ ಅಭಿಪ್ರಾಯದಲ್ಲಿ ಇಡೀ ವರ್ಷದಲ್ಲಿ ನಾನು ಕೊಟ್ಟ ಹಣಕ್ಕೆ ಅತ್ಯಂತ ಹೆಚ್ಚು ಪ್ರತಿಫಲ ಸಿಕ್ಕಿದ್ದು ಆ ಒಂದೂವರೆ ಗಂಟೆಯಲ್ಲಿ.

ಅವರು ಕೇಳಿದ ಪ್ರಶ್ನೆಗಳು ಕಾನೂನಿನವಲ್ಲ, ಗಿರಣಿಯವು. ಮೆಣಸಿನಕಾಯಿ ಎಲ್ಲಿಂದ ತಂದಿರಿ, ಆ ಲಾಟಿನ ಚೀಟಿ ಇದೆಯೆ, ಎಷ್ಟು ಸಲ ಜರಡಿ ಹಿಡಿಯುತ್ತೀರಿ, ಅದೇ ಬ್ಯಾಚಿನ ಪಾಕೀಟು ನಿಮ್ಮ ಬಳಿ ಉಳಿದಿದೆಯೆ, ಎಣ್ಣೆ ಕಿಲೋಗೆ ಎಷ್ಟು ಹಾಕುತ್ತೀರಿ. ಎಣ್ಣೆಯ ಪ್ರಶ್ನೆಗೆ ನಾನು ಸ್ವಲ್ಪ ತಡವರಿಸಿದೆ. ಏಜೆಂಟರು "ಎಣ್ಣಿ ಹಾಕೇ ಇಲ್ಲ ಅಂತ ಹೇಳ್ರಿ" ಎಂದಿದ್ದರು. ಅದನ್ನು ಹೇಳಿದಾಗ ವಕೀಲರು ಪೆನ್ನು ಕೆಳಗಿಟ್ಟು, "ಎರಡೂ ಸುಳ್ಳು ಅಂತ ಹೊಡದಾಡಿದ್ರ ಎರಡೂ ಸೋಲ್ತೀರಿ. ಎಣ್ಣಿ ಹಾಕಿದ್ದು ಖರೆ, ಲೇಬಲ್ಲಿನ್ಯಾಗ ಬರೀಲಿಲ್ಲ ಅನ್ನೂದೂ ಖರೆ. ಅದನ್ನ ಒಪ್ಪಿಕೊಳ್ರಿ. ಮಣ್ಣು ಹಾಕಿಲ್ಲಲ್ಲ? ಅದನ್ನ ಬಿಡಬ್ಯಾಡ್ರಿ" ಎಂದರು. ಒಂದು ಆರೋಪವನ್ನು ಒಪ್ಪಿ ಇನ್ನೊಂದನ್ನು ಮಾತ್ರ ಎದುರಿಸುವ ಈ ತೀರ್ಮಾನವೇ ಇಡೀ ಪ್ರಕರಣವನ್ನು ನಡೆಸಿತು. ಮುಂದೆ ಆದದ್ದೆಲ್ಲ ಅದರ ಬೆನ್ನು ಹಿಡಿದು ಬಂದ ಕೆಲಸ.

ಆಹಾರ ವಿಶ್ಲೇಷಕರ ವರದಿಯೇ ಕೊನೆಯ ಮಾತಲ್ಲ. 46ನೇ ಕಲಮಿನ 4ನೇ ಉಪಕಲಮಿನ ಪ್ರಕಾರ ಅಂಕಿತಾಧಿಕಾರಿಗೆ (ಆ ಪ್ರದೇಶದ ಆಹಾರ ಸುರಕ್ಷತೆಯ ಹೊಣೆ ಹೊತ್ತ ಅಧಿಕಾರಿ) ಮೇಲ್ಮನವಿ ಸಲ್ಲಿಸಿ, ಮಾದರಿಯ ಇನ್ನೊಂದು ಭಾಗವನ್ನು ಮರುಪರೀಕ್ಷೆ ಮಾಡುವ ರೆಫರಲ್ ಪ್ರಯೋಗಾಲಯಕ್ಕೆ ಕಳುಹಿಸುವಂತೆ ಕೇಳಬಹುದು. ವರದಿಯ ಪ್ರತಿ ಕೈಗೆ ಬಂದ 30 ದಿನಗಳೊಳಗೆ, ನಮೂನೆ 8ರಲ್ಲಿ. ಮಾದರಿಯನ್ನು ತೆಗೆದಾಗ ನಾಲ್ಕು ಭಾಗ ಮಾಡಿ, ಒಂದನ್ನು ವಿಶ್ಲೇಷಕರಿಗೆ ಕಳುಹಿಸಿ, ಎರಡನ್ನು ಅಂಕಿತಾಧಿಕಾರಿ ತಮ್ಮಲ್ಲಿ ಇಟ್ಟುಕೊಂಡಿರುತ್ತಾರೆ. ನಾಲ್ಕನೆಯ ಭಾಗವನ್ನು ಮಾನ್ಯತೆ ಪಡೆದ ಬೇರೆ ಪ್ರಯೋಗಾಲಯಕ್ಕೆ ಕಳುಹಿಸಿ ಎಂದು ವ್ಯಾಪಾರಿ ಆಗಲೇ ಕೇಳಬಹುದು, ಅದರ ಖರ್ಚು ವ್ಯಾಪಾರಿಯದು. ನಮ್ಮ ಮಾಲು ಇಟ್ಟಿದ್ದ ಅಂಗಡಿಯವರು ಅದನ್ನು ಕೇಳಿರಲಿಲ್ಲ, ಅವರಿಗೆ ಗೊತ್ತಿದ್ದರೆ ತಾನೆ! ಈಗ ನಾನು ಮಾಲು ಕೊಡುವ ಪ್ರತಿ ಅಂಗಡಿಗೂ ಇದನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇನೆ.

ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಮಾದರಿ ತಾನಾಗಿ ಮರುಪರೀಕ್ಷೆಗೆ ಹೋಗುವುದಿಲ್ಲ. ಕಳುಹಿಸಬೇಕೋ ಬೇಡವೋ ಎಂಬುದನ್ನು ಅಂಕಿತಾಧಿಕಾರಿಯೇ ನಿರ್ಧರಿಸಬೇಕು, ಆದರೆ ಅದಕ್ಕೂ ಮೊದಲು ನಮ್ಮ ಮಾತನ್ನು ಕೇಳಬೇಕು. ಆದ್ದರಿಂದ ಮನವಿಯಲ್ಲಿ ಗಟ್ಟಿಯಾದ ಕಾರಣಗಳು ಬೇಕು. ಉಳಿದಿದ್ದ 11 ದಿನಗಳಲ್ಲಿ ಕಿರಿಯ ವಕೀಲೆ ಮಾಡಿದ ಕೆಲಸವನ್ನು ನಾನು ಇಲ್ಲಿ ವಿಶೇಷವಾಗಿ ಬರೆಯಬೇಕು. ಅದೇ ಬ್ಯಾಚಿನಿಂದ ನಾವು ಎತ್ತಿಟ್ಟಿದ್ದ ಪಾಕೀಟನ್ನು ಮಾನ್ಯತೆ ಇರುವ ಖಾಸಗಿ ಪ್ರಯೋಗಾಲಯಕ್ಕೆ ಆ ದಿನವೇ ಕಳುಹಿಸಿದರು, ಶೇ 1.1 ಎಂದು ಬಂತು. ವಿಶ್ಲೇಷಕರ ವರದಿಯನ್ನು ಸಾಲು ಸಾಲಾಗಿ ಓದಿ, ಮಾದರಿ ತಲುಪಿದ 14 ದಿನಗಳೊಳಗೆ ಕಳುಹಿಸಬೇಕಾಗಿದ್ದ ವರದಿಗೆ 26 ದಿನ ಹಿಡಿದಿದೆ ಎಂಬುದನ್ನು ಗುರುತಿಸಿದರು. ಆ 14 ದಿನಗಳ ಮಿತಿ ಕಡ್ಡಾಯವೋ ಅಲ್ಲವೋ ಎಂಬ ಬಗ್ಗೆ ಬೇರೆ ಬೇರೆ ಹೈಕೋರ್ಟುಗಳು ಒಂದೇ ಮಾತು ಹೇಳಿಲ್ಲವಾದ್ದರಿಂದ ಅದೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ ಎಂದು ನನಗೆ ಮೊದಲೇ ತಿಳಿಸಿದರು. ಮನವಿಯನ್ನು ಕನ್ನಡದಲ್ಲಿ ಬರೆದರು. ಇದು ಸಣ್ಣ ವಿಷಯವೆಂದು ಕೆಲವರಿಗೆ ಅನ್ನಿಸಬಹುದು. ಆದರೆ ಕನ್ನಡದಲ್ಲಿದ್ದುದರಿಂದಲೇ ನಾನು ಅದನ್ನು ರುಜು ಹಾಕುವ ಮೊದಲು ಓದಿದೆ, ಓದಿದ್ದರಿಂದಲೇ ಎರಡನೇ ಪುಟದಲ್ಲಿ ಬ್ಯಾಚ್ ಸಂಖ್ಯೆ ತಪ್ಪಾಗಿರುವುದು ಕಣ್ಣಿಗೆ ಬಿತ್ತು. ಆ ಸಂಖ್ಯೆ ಹಾಗೇ ಹೋಗಿದ್ದರೆ ಖಾಸಗಿ ವರದಿಗೂ ನಮ್ಮ ಮಾಲಿಗೂ ಸಂಬಂಧವೇ ಇಲ್ಲವೆಂದು ಎದುರಿನವರು ಹೇಳಬಹುದಿತ್ತು. ತಪ್ಪು ಅವರದೇ, ಅವರು ಒಪ್ಪಿಕೊಂಡು ತಕ್ಷಣ ತಿದ್ದಿದರು. 28ನೇ ದಿನ ಮನವಿ ಸಲ್ಲಿಕೆಯಾಗಿ, ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ನನ್ನ ಕೈಗೆ ಬಂತು.

ಅಂಕಿತಾಧಿಕಾರಿಯ ಮುಂದಿನ ವಿಚಾರಣೆ ಹದಿನೈದು ನಿಮಿಷದ್ದು. ಹಿರಿಯ ವಕೀಲರು ಅಲ್ಲಿ ಧ್ವನಿ ಏರಿಸಲಿಲ್ಲ, ಇಲಾಖೆಯ ಮೇಲೆ ಒಂದು ಕಟುಮಾತನ್ನೂ ಆಡಲಿಲ್ಲ. ಎರಡು ವರದಿಗಳನ್ನು ಅಕ್ಕಪಕ್ಕ ಇಟ್ಟು, ವ್ಯತ್ಯಾಸ ಇಷ್ಟಿದೆ, ತಮ್ಮ ಬಳಿಯೇ ಮಾದರಿಯ ಭಾಗಗಳಿವೆ, ಮೂರನೆಯವರು ನೋಡಲಿ ಎಂದಷ್ಟೇ ಹೇಳಿದರು. ಮಾದರಿ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ರೆಫರಲ್ ಪ್ರಯೋಗಾಲಯಕ್ಕೆ ಹೋಯಿತು. ಎರಡು ತಿಂಗಳ ನಂತರ ಬಂದ ಅಭಿಪ್ರಾಯದಲ್ಲಿ ಆಮ್ಲದಲ್ಲಿ ಕರಗದ ಬೂದಿ ಶೇ 1.2 ಎಂದಿತ್ತು. ಕಳಪೆ ಗುಣಮಟ್ಟದ ಆರೋಪ ಅಲ್ಲಿಗೆ ಬಿದ್ದುಹೋಯಿತು. ಎಣ್ಣೆ ಮಾತ್ರ ಮೈಸೂರಿನವರಿಗೂ ಕಂಡಿತ್ತು, ಕಾಣಲೇಬೇಕಿತ್ತು.

ಉಳಿದ ಲೇಬಲ್ಲಿನ ಆರೋಪ ನ್ಯಾಯನಿರ್ಣಯಕ್ಕಾಗಿ ಆ ಜಿಲ್ಲೆಯ ಅಪರ ಜಿಲ್ಲಾಧಿಕಾರಿಯ ಮುಂದೆ ಹೋಯಿತು. ಈ ಕಾಯ್ದೆಯಲ್ಲಿ ದಂಡ ವಿಧಿಸುವ ಪ್ರಕರಣಗಳನ್ನು ಕೋರ್ಟಿನ ನ್ಯಾಯಾಧೀಶರು ಕೇಳುವುದಿಲ್ಲ. 68ನೇ ಕಲಮಿನ ಪ್ರಕಾರ ಅಪರ ಜಿಲ್ಲಾ ದಂಡಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಕೇಳುತ್ತಾರೆ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ಆಹಾರ ಸುರಕ್ಷತಾ ಮೇಲ್ಮನವಿ ನ್ಯಾಯಮಂಡಳಿ, ಅಲ್ಲಿಂದ 60 ದಿನಗಳೊಳಗೆ ಹೈಕೋರ್ಟು. ವಕೀಲರನ್ನು ಆರಿಸುವಾಗ ಇದು ಮುಖ್ಯವಾಗುತ್ತದೆ. ಅಪರ ಜಿಲ್ಲಾಧಿಕಾರಿಗಳ ಮೇಜಿನ ಮೇಲೆ ಜಮೀನಿನ ತಕರಾರುಗಳಿಂದ ಹಿಡಿದು ಹತ್ತಾರು ಬಗೆಯ ಕಡತಗಳಿರುತ್ತವೆ, ಸಭೆಗಳಿರುತ್ತವೆ, ಚುನಾವಣೆ ಬಂದರೆ ಅದರ ಕೆಲಸವೂ ಇರುತ್ತದೆ. ಅಲ್ಲಿ ಸಾಕ್ಷಿಯನ್ನು ಪಾಟೀಸವಾಲಿಗೆ ನಿಲ್ಲಿಸಿ ಗುಡುಗುವ ವಕೀಲರಿಗಿಂತ, ಮೂರು ಪುಟದಲ್ಲಿ ಓದಿ ಮುಗಿಸಬಹುದಾದ ಉತ್ತರವನ್ನು ಬರೆಯಬಲ್ಲವರು ಹೆಚ್ಚು ಉಪಯೋಗಕ್ಕೆ ಬರುತ್ತಾರೆ.

ಇವರು ಬರೆದದ್ದು ಸರಿಯಾಗಿ ಮೂರು ಪುಟ. 49ನೇ ಕಲಮಿನಲ್ಲಿ ದಂಡದ ಮೊತ್ತವನ್ನು ನಿರ್ಧರಿಸುವಾಗ ಏನೇನನ್ನು ನೋಡಬೇಕೆಂದು ಹೇಳಿದೆ: ಉಲ್ಲಂಘನೆಯಿಂದ ಬಂದ ಲಾಭವೆಷ್ಟು, ಬೇರೆಯವರಿಗಾದ ನಷ್ಟವೆಷ್ಟು, ತಪ್ಪು ಪದೇ ಪದೇ ಆಗಿದೆಯೆ, ತಿಳಿದು ಮಾಡಿದ್ದೆ ಇತ್ಯಾದಿ. ಉತ್ತರ ಅದೇ ಕ್ರಮದಲ್ಲಿತ್ತು. ಲಾಭದ ವಿಷಯದಲ್ಲಿ ಅವರು ಮಾಡಿದ್ದು ನನಗೆ ಮೊದಲು ಹೆದರಿಕೆ ಹುಟ್ಟಿಸಿತು. ಮೆಣಸಿನಕಾಯಿಗಿಂತ ಎಣ್ಣೆ ಅಗ್ಗ, ಆದ್ದರಿಂದ ತೂಕಕ್ಕೆ ಎಣ್ಣೆ ಸೇರಿಸಿದರೆ ಮಾರುವವರಿಗೆ ಲಾಭವಿದೆ ಎಂಬ ಮಾತನ್ನು ಎದುರಿನವರು ಎತ್ತುವ ಮೊದಲೇ ತಾವೇ ಬರೆದು, ಕಿಲೋಗೆ ನಾವು ಹಾಕುವ 15 ಗ್ರಾಂ ಎಣ್ಣೆಯ ಬೆಲೆಯನ್ನೂ ಅಷ್ಟೇ ತೂಕದ ಕಾಯಿಯ ಬೆಲೆಯನ್ನೂ ಬಿಲ್ಲುಗಳ ಸಮೇತ ಲೆಕ್ಕ ಹಾಕಿ ತೋರಿಸಿದ್ದರು. ವ್ಯತ್ಯಾಸ ಕಿಲೋಗೆ ಮೂರು ರೂಪಾಯಿಯಷ್ಟೂ ಆಗುತ್ತಿರಲಿಲ್ಲ. ಇದನ್ನು ನಾವೇ ಹೇಳಬೇಕೆ ಎಂದು ಕೇಳಿದೆ. "ಅವರು ಕೇಳಿದ ಮ್ಯಾಲೆ ಹೇಳಿದ್ರ ಅದು ಸಬೂಬು ಆಗ್ತದ" ಎಂದರು. ಹಳೆಯ ಕವರುಗಳನ್ನು ನಾಶಪಡಿಸಿದ್ದರ ಫೋಟೊ, ಶೇಂಗಾ ಎಣ್ಣೆಯ ಪ್ರಮಾಣವನ್ನು ಅಚ್ಚು ಹಾಕಿದ ಹೊಸ ಲೇಬಲ್ಲು, ಹಿಂದೆ ಯಾವ ಪ್ರಕರಣವೂ ಇಲ್ಲವೆಂಬ ವಿವರ ಜೊತೆಗಿದ್ದವು.

ಇಲ್ಲಿಂದ ಮುಂದೆ ನನ್ನ ಅಸಮಾಧಾನಗಳು ಶುರುವಾಗುತ್ತವೆ. ಮೊದಲ ವಿಚಾರಣೆಯಿಂದ 90 ದಿನಗಳೊಳಗೆ ಆದೇಶವಾಗಬೇಕೆಂದು ನಿಯಮವಿದ್ದರೂ ನಮಗೆ ಐದು ತಾರೀಖು ಬಿದ್ದವು, ನಿಜವಾಗಿ ವಿಚಾರಣೆ ನಡೆದದ್ದು ಎರಡು ದಿನ. ಮುಂದೂಡಿಕೆ ವಕೀಲರ ತಪ್ಪಲ್ಲ. ಆದರೆ ಮೂರನೇ ತಾರೀಖು ಮುಂದೆ ಹೋಗಿದೆ ಎಂಬ ಸುದ್ದಿ ಅವರ ಕಚೇರಿಗೆ ಹಿಂದಿನ ಸಂಜೆಯೇ ತಿಳಿದಿತ್ತು, ನನಗೆ ಮಾತ್ರ ಯಾರೂ ತಿಳಿಸಲಿಲ್ಲ. ನಸುಕಿನಲ್ಲಿ ಎದ್ದು, ಆ ದಿನದ ಗಿರಣಿಯ ಕೆಲಸವನ್ನು ನಿಲ್ಲಿಸಿ, ಬಸ್ಸಿನಲ್ಲಿ ಮೂರು ಗಂಟೆ ಪ್ರಯಾಣ ಮಾಡಿ, ಅಲ್ಲಿ ಖಾಲಿ ಬೆಂಚಿನ ಮೇಲೆ ಕುಳಿತಾಗ ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆಯುವುದಿಲ್ಲ. ಫೋನ್ ಮಾಡಿದರೆ ಗುಮಾಸ್ತ, "ಅಕ್ಕಾರ, ನಿಮಗ ಮೆಸೇಜ್ ಹಾಕೂದು ಮರತೆ" ಎಂದ.

ಭೇಟಿಯ ಸಮಯದ ವಿಷಯವೂ ಹಾಗೇ. ಸಂಜೆ ಐದಕ್ಕೆ ಬರಹೇಳಿದರೆ ಒಳಗೆ ಕರೆಯುವಾಗ ಏಳಾಗಿರುತ್ತದೆ. ಹೊರಗೆ ಕುಳಿತುಕೊಳ್ಳಲು ಮೂರೇ ಕುರ್ಚಿಗಳಿವೆ. ಮಂಡಿ ನೋವಿರುವವರು ಎರಡು ಮಹಡಿ ಹತ್ತಿ ಬಂದು ನಿಂತೇ ಇರಬೇಕಾಗುತ್ತದೆ. ಹಿರಿಯ ವಕೀಲರು ಫೋನ್ ಎತ್ತುವುದಿಲ್ಲ, ವಾಟ್ಸಪ್ಪಿನಲ್ಲಿ ಕಳುಹಿಸಿದ್ದನ್ನು ನೋಡುತ್ತಾರೆ, ಆದರೆ ಉತ್ತರಿಸುವುದಿಲ್ಲ. ಕಿರಿಯ ವಕೀಲೆ ಉತ್ತರಿಸುತ್ತಾರೆ, ರಾತ್ರಿ ಹತ್ತರ ಮೇಲೆ. ತುರ್ತು ಏನಾದರೂ ಇದ್ದರೆ ಅವರನ್ನೇ ಸಂಪರ್ಕಿಸಬೇಕೆಂಬುದನ್ನು ಮೊದಲ ದಿನವೇ ಹೇಳಿದ್ದರೆ ನನಗೆ ಒಂದು ತಿಂಗಳ ಕಳವಳ ತಪ್ಪುತ್ತಿತ್ತು.

ಶುಲ್ಕದ ವಿಷಯದಲ್ಲಿ ಅವರು ಬಾಯಿಮಾತಿಗೆ ನಿಲ್ಲಿಸದೆ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು: ಮೇಲ್ಮನವಿಗೆ 12,000, ನ್ಯಾಯನಿರ್ಣಯದ ಹಂತಕ್ಕೆ 20,000, ಎರಡನೆಯದು ಎರಡು ಕಂತಿನಲ್ಲಿ. ತಾರೀಖು ಹೆಚ್ಚಾದರೂ ಇದಕ್ಕಿಂತ ಹೆಚ್ಚು ಕೇಳಲಿಲ್ಲ. ನಾನು ಮೊದಲು ಕಂಡಿದ್ದ ಏಜೆಂಟರು, ದಂಡ ಎಷ್ಟು ಕಡಿಮೆಯಾಗುವುದೋ ಅದರಲ್ಲಿ ಕಾಲು ಭಾಗ ತಮಗೆ ಕೊಡಬೇಕೆಂದಿದ್ದರು. ಫಲಿತಾಂಶದ ಮೇಲೆ ಪಾಲು ಕೇಳುವುದು ವಕೀಲರಿಗಾದರೆ ನಿಷಿದ್ಧ, ಏಜೆಂಟರಿಗೆ ಯಾವ ನಿಷೇಧವೂ ಇದ್ದಂತಿಲ್ಲ. ಹಾಳೆಯಲ್ಲಿ ಇಲ್ಲದ್ದು ಗುಮಾಸ್ತನ ಖರ್ಚು. ಟೈಪಿಂಗಿಗೆ, ಜೆರಾಕ್ಸಿಗೆ, ದೃಢೀಕೃತ ನಕಲಿಗೆ, "ಹೋಗಿ ಬರೋ ಖರ್ಚಿಗೆ" ಎಂದು ಒಟ್ಟು 5,500 ರೂಪಾಯಿ ಹೋಯಿತು. 3,000ಕ್ಕೆ ಮಾತ್ರ ರಸೀದಿ ಇದೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ, ಮತ್ತು ಆ ಕಾಯ್ದೆಯಲ್ಲಿ ನ್ಯಾಯಾಲಯ ಎಂಬ ಪದಕ್ಕೆ ಅರೆನ್ಯಾಯಿಕ ಅಧಿಕಾರವುಳ್ಳ ಪ್ರಾಧಿಕಾರಗಳೂ ಸೇರುತ್ತವೆ. ಇದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ, ಸಂಬಂಧಿಕರ ಹುಡುಗಿಯೊಬ್ಬಳಿಂದ. ಅವಳು ಹುಬ್ಬಳ್ಳಿಯ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಹಣ ಕೊಟ್ಟು ಬಂದ ಕಕ್ಷಿದಾರರಿಗೆ ಬಿಟ್ಟಿಯಾಗಿ ಸಿಗುವ ದಾರಿಯನ್ನು ಹೇಳಿ ಕಳುಹಿಸುವ ಹೊಣೆ ಯಾವ ವಕೀಲರಿಗೂ ಇಲ್ಲ, ಅದನ್ನು ನಾನು ಬಲ್ಲೆ. ಹೇಳಿದ್ದರೂ ಬಹುಶಃ ನಾನು ಇವರ ಬಳಿಯೇ ಉಳಿಯುತ್ತಿದ್ದೆ, ಏಕೆಂದರೆ ಉಳಿದಿದ್ದ 11 ದಿನಗಳಲ್ಲಿ ನೆರವಿನ ಅರ್ಜಿ ಹಾಕಿ ವಕೀಲರು ನೇಮಕವಾಗುವವರೆಗೆ ಕಾಯುವುದು ಆಗುತ್ತಿರಲಿಲ್ಲ. ಆದರೂ ರಿಟ್ ಬೇಡವೆಂದು ಹೇಳುವಷ್ಟು ನೇರವಾಗಿದ್ದವರು ಇದನ್ನೂ ಹೇಳಿದ್ದರೆ ಚೆನ್ನಾಗಿತ್ತು.

ಆದೇಶದಲ್ಲಿ ಲೇಬಲ್ಲಿನ ತಪ್ಪಿಗೆ 20,000 ರೂಪಾಯಿ ದಂಡ ವಿಧಿಸಲಾಯಿತು. ಉತ್ತರದ ಮೂರು ಪುಟಗಳಲ್ಲಿದ್ದ ಮಾತುಗಳು ಆದೇಶದಲ್ಲಿ ಹೆಚ್ಚು ಕಡಿಮೆ ಹಾಗೆಯೇ ಬಂದಿದ್ದವು. ಅಂಗಡಿಯವರಿಗೆ ದಂಡ ಬೀಳಲಿಲ್ಲ. ಅವರು ನಮ್ಮ ಮಾಲನ್ನು ಮತ್ತೆ ಇಟ್ಟಿದ್ದಾರೆ. ಮೇಲ್ಮನವಿ ಬೇಡ, ದಂಡವನ್ನು ಕೂಡಲೇ ಕಟ್ಟಿರಿ ಎಂದು ವಕೀಲರು ಹೇಳಿದರು. ಕಟ್ಟದಿದ್ದರೆ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲು ಮಾಡುತ್ತಾರೆ, ಕಟ್ಟುವವರೆಗೆ ಲೈಸೆನ್ಸನ್ನೂ ಅಮಾನತಿನಲ್ಲಿ ಇಡುತ್ತಾರೆ.

ಲೆಕ್ಕ ಹಾಕಿದರೆ ದಂಡ 20,000, ವಕೀಲರಿಗೂ ಗುಮಾಸ್ತನಿಗೂ ಸೇರಿ 38,500, ಖಾಸಗಿ ಪರೀಕ್ಷೆಯ ಖರ್ಚು ಬೇರೆ. ದಂಡಕ್ಕಿಂತ ವಕೀಲರ ಶುಲ್ಕವೇ ಹೆಚ್ಚಾಯಿತಲ್ಲ ಎಂದು ನನ್ನ ತಮ್ಮ ಇಂದಿಗೂ ಆಡಿಕೊಳ್ಳುತ್ತಾನೆ. ನಾನು ಅದನ್ನು ಒಪ್ಪುವುದಿಲ್ಲ. ಲೇಬಲ್ಲಿನ ತಪ್ಪೊಂದೇ ಇದ್ದಿದ್ದರೆ ವಕೀಲರಿಲ್ಲದೆ ನಾನೇ ಹೋಗಿ, ತಪ್ಪಾಗಿದೆ ಎಂದು ಬರೆದುಕೊಟ್ಟು ಬರಬಹುದಿತ್ತು. ಅಂಥ ಪ್ರಕರಣಗಳಲ್ಲಿ ಯಾರಾದರೂ ಕೇಳಿದರೆ ನಾನು ಹಾಗೆಯೇ ಹೇಳುತ್ತೇನೆ. ಆದರೆ ಖಾರದ ಪುಡಿಯಲ್ಲಿ ಮಣ್ಣಿದೆ ಎಂಬ ದಾಖಲೆ ಒಮ್ಮೆ ಹೆಸರಿಗೆ ಅಂಟಿಕೊಂಡರೆ ಅದನ್ನು ಲೇಬಲ್ ಬದಲಿಸಿದ ಹಾಗೆ ಬದಲಿಸಲಾಗುವುದಿಲ್ಲ. ನಮ್ಮ ಮಾಲಿನ ಮೂರನೇ ಒಂದು ಭಾಗವನ್ನು ಕೊಳ್ಳುವ ಸಗಟು ವ್ಯಾಪಾರಿ ಪ್ರತಿ ತಿಂಗಳು ಪ್ರಕರಣ ಏನಾಯಿತೆಂದು ಕೇಳುತ್ತಿದ್ದರು. ಮೈಸೂರಿನ ಅಭಿಪ್ರಾಯದ ಪ್ರತಿಯನ್ನು ಕಳುಹಿಸಿದ ಮೇಲೆ ಅವರು ಕೇಳುವುದನ್ನು ಬಿಟ್ಟರು.

ಇಲಾಖೆಯ ಕಾಗದ ಕೈಯಲ್ಲಿ ಹಿಡಿದು, ದಿನಗಳು ಓಡುತ್ತಿರುವಾಗ, ಏನನ್ನು ಒಪ್ಪಬೇಕು ಏನನ್ನು ಒಪ್ಪಬಾರದು ಎಂದು ತಿಳಿಯದೆ ನಿಂತವರಿಗೆ ಈ ಕಚೇರಿ ತಕ್ಕದ್ದು. ಬಿರುಸಾಗಿ ಹೋರಾಡುವವರು ಬೇಕೆನ್ನುವವರಿಗೂ, ದಿನಕ್ಕೊಮ್ಮೆ ಫೋನಿನಲ್ಲಿ ಸಮಾಧಾನ ಹೇಳಬೇಕೆನ್ನುವವರಿಗೂ ಇಲ್ಲಿ ಬೇಸರವಾಗುತ್ತದೆ. ಹೋಗುವವರು ಲಕೋಟೆಯನ್ನು ಮರೆಯದೆ ತೆಗೆದುಕೊಂಡು ಹೋಗಲಿ, ಎರಡು ಗಂಟೆ ಕಾಯುವ ಸಿದ್ಧತೆಯಲ್ಲಿರಲಿ, ಮುಂದಿನ ತಾರೀಖನ್ನು ಗುಮಾಸ್ತನಿಂದಲ್ಲ, ಕಿರಿಯ ವಕೀಲೆಯಿಂದಲೇ ಖಚಿತಪಡಿಸಿಕೊಳ್ಳಲಿ, ಮತ್ತು ತಮ್ಮ ಹೆಸರಿನಲ್ಲಿ ಹೋಗುವ ಪ್ರತಿಯೊಂದು ಕಾಗದವನ್ನೂ ರುಜು ಮಾಡುವ ಮೊದಲು ಓದಲಿ.

ಪ್ರಕರಣ ಮುಗಿದ ವಾರದೊಳಗೆ ಕಡತವನ್ನು ಪೂರ್ತಿಯಾಗಿ, ಪುಟ ಸಂಖ್ಯೆ ಹಾಕಿ, ಆದೇಶದ ದೃಢೀಕೃತ ನಕಲು ಮತ್ತು ದಂಡ ಕಟ್ಟಿದ ಚಲನ್ ಸಮೇತ ನನಗೆ ಹಿಂದಿರುಗಿಸಿದರು, ಕೇಳದೆಯೇ ಕೊಟ್ಟರು. ಮೊದಲ ಪುಟದಲ್ಲಿ ಅಂಚೆಯ ಮುದ್ರೆ ಇರುವ ಆ ಲಕೋಟೆಯನ್ನು ಪ್ಲಾಸ್ಟಿಕ್ ಹಾಳೆಯೊಳಗೆ ಇಟ್ಟಿದ್ದಾರೆ. ಉಳಿದ 2,500 ರೂಪಾಯಿಯ ರಸೀದಿಗಾಗಿ ಗುಮಾಸ್ತನಿಗೆ ಕಳೆದ ಸೋಮವಾರವೂ ಫೋನ್ ಮಾಡಿದ್ದೇನೆ.